ಅಮೆರಿಕದ ಪ್ರೌಢಶಾಲೆಗಳಲ್ಲಿ ಇಂಗ್ಲಿಷ್ ವಿಷಯದ ಬೇಸಿಗೆ ಓದು: ಕ್ರಮ, ವೆಚ್ಚ ಮತ್ತು ಮೌಲ್ಯಮಾಪನ

ಪೀಠಿಕೆ

ಅಮೆರಿಕ ಸಂಯುಕ್ತ ಸಂಸ್ಥಾನದ ಅನೇಕ ಪ್ರೌಢಶಾಲೆಗಳಲ್ಲಿ ಬೇಸಿಗೆ ರಜೆ ಆರಂಭವಾಗುವ ಮುನ್ನ ಇಂಗ್ಲಿಷ್ ವಿಷಯದ ಅಧ್ಯಾಪಕರು ವಿದ್ಯಾರ್ಥಿಗಳಿಗೆ ಒಂದು ಅಥವಾ ಹೆಚ್ಚಿನ ಪುಸ್ತಕಗಳನ್ನು ಗೊತ್ತುಪಡಿಸಿ, ರಜೆಯಲ್ಲಿ ಅವುಗಳನ್ನು ಓದಿ, ಲಿಖಿತ ಟಿಪ್ಪಣಿಯೊಡನೆ ಹೊಸ ತರಗತಿಗೆ ಹಾಜರಾಗಬೇಕೆಂದು ಸೂಚಿಸುವ ಪದ್ಧತಿ ಬಹುಕಾಲದಿಂದ ರೂಢಿಯಲ್ಲಿದೆ. ಇದನ್ನು ಅಲ್ಲಿ ಬೇಸಿಗೆ ಓದು ಎಂದು ಕರೆಯಲಾಗುತ್ತದೆ. ನಮ್ಮ ರಾಜ್ಯದ ಶಾಲೆಗಳಲ್ಲಿ ರಜೆಗಾಗಿ ನೀಡಲಾಗುವ ಮನೆಕೆಲಸಕ್ಕೂ ಇದಕ್ಕೂ ಮೇಲುನೋಟಕ್ಕೆ ಹೋಲಿಕೆ ಇದ್ದರೂ, ಇದರಲ್ಲಿ ಪಠ್ಯಪುಸ್ತಕದ ಪಾಠವನ್ನು ಪುನಃ ಬರೆಯುವ ಕೆಲಸವಿರುವುದಿಲ್ಲ. ಇಡೀ ಕಾದಂಬರಿ, ನಾಟಕ ಅಥವಾ ಆತ್ಮಕಥೆಯನ್ನು ಅಧ್ಯಾಪಕರ ನೆರವಿಲ್ಲದೆ ಓದಿ ಮುಗಿಸಬೇಕಾಗುತ್ತದೆ.

ಉದ್ಯೋಗದ ನಿಮಿತ್ತ ಮಕ್ಕಳೊಡನೆ ಆ ದೇಶಕ್ಕೆ ತೆರಳುವ ಕುಟುಂಬಗಳಿಗೆ, ಅಲ್ಲಿ ಈಗಾಗಲೇ ನೆಲೆಸಿರುವ ಕನ್ನಡಿಗರಿಗೆ ಹಾಗೂ ಇಲ್ಲಿನ ಇಂಗ್ಲಿಷ್ ಅಧ್ಯಾಪಕರಿಗೆ ಉಪಯುಕ್ತವಾಗಬಹುದೆಂಬ ಉದ್ದೇಶದಿಂದ ಸದರಿ ಪದ್ಧತಿಯ ವಿವರಗಳನ್ನು ಈ ಪುಟದಲ್ಲಿ ನೀಡಲಾಗಿದೆ. ಯಾವ ಪುಸ್ತಕ ಉತ್ತಮ ಎಂಬ ಬಗ್ಗೆ ಸಾಕಷ್ಟು ಚರ್ಚೆ ನಡೆಯುತ್ತದೆ. ಆ ಪುಸ್ತಕ ಎಲ್ಲ ವಿದ್ಯಾರ್ಥಿಗಳ ಕೈಗೆ ತಲುಪಿತೇ ಎಂಬ ಬಗ್ಗೆ ನಡೆಯುವ ಚರ್ಚೆ ಕಡಿಮೆ. ಅಂಕ ನೀಡಿಕೆಯಲ್ಲಿನ ನ್ಯಾಯ ಮಾತ್ರ ಈ ಎರಡನೆಯ ಪ್ರಶ್ನೆಯನ್ನೇ ಅವಲಂಬಿಸಿರುವುದರಿಂದ ಇಲ್ಲಿ ಅದಕ್ಕೆ ಹೆಚ್ಚು ಸ್ಥಳ ಕೊಡಲಾಗಿದೆ.

ಶಾಲಾ ವ್ಯವಸ್ಥೆ ಮತ್ತು ರಜೆಯ ಅವಧಿ

ಅಮೆರಿಕದಲ್ಲಿ ಶಿಕ್ಷಣವು ಮುಖ್ಯವಾಗಿ ರಾಜ್ಯಗಳ ಮತ್ತು ಸ್ಥಳೀಯ ಆಡಳಿತದ ವಿಷಯವಾಗಿದೆ. ದೇಶದಲ್ಲಿ ಸುಮಾರು 13,000 ಶಾಲಾ ಜಿಲ್ಲೆಗಳಿದ್ದು, ಪ್ರತಿಯೊಂದಕ್ಕೂ ತನ್ನದೇ ಆದ ಶಾಲಾ ಮಂಡಳಿ ಇರುವುದು ಸಾಮಾನ್ಯ. ಆದುದರಿಂದ ಬೇಸಿಗೆ ಓದಿಗೆ ಸಂಬಂಧಿಸಿದಂತೆ ಇಡೀ ದೇಶಕ್ಕೆ ಅನ್ವಯವಾಗುವ ಏಕರೂಪದ ಆದೇಶವಿಲ್ಲ. ಒಂದೇ ಊರಿನ ಎರಡು ಶಾಲೆಗಳಲ್ಲಿ ಒಂದು ಮೂರು ಪುಸ್ತಕಗಳನ್ನು ಗೊತ್ತುಪಡಿಸಿದರೆ ಇನ್ನೊಂದು ಏನನ್ನೂ ಗೊತ್ತುಪಡಿಸದಿರಬಹುದು.

ಅಲ್ಲಿ ಪ್ರೌಢಶಾಲೆ ಎಂದರೆ ಸಾಮಾನ್ಯವಾಗಿ 9ರಿಂದ 12ನೇ ತರಗತಿಯವರೆಗಿನ ನಾಲ್ಕು ವರ್ಷಗಳು, ಅಂದರೆ ನಮ್ಮ ಪದವಿಪೂರ್ವ ಹಂತವೂ ಅದರಲ್ಲಿ ಸೇರಿರುತ್ತದೆ. ಶಾಲಾ ವರ್ಷವು ಮೇ ತಿಂಗಳ ಕೊನೆಯಿಂದ ಜೂನ್ ಕೊನೆಯೊಳಗೆ ಮುಗಿದು, ಆಗಸ್ಟ್ ಅಥವಾ ಸೆಪ್ಟೆಂಬರ್ ಮೊದಲ ಭಾಗದಲ್ಲಿ ಪುನಃ ಆರಂಭವಾಗುತ್ತದೆ. ರಜೆಯು ಸುಮಾರು ಹತ್ತು ವಾರಗಳಷ್ಟಿರುತ್ತದೆ. ಹೊಲಗೆಲಸಕ್ಕೆ ಮಕ್ಕಳು ಬೇಕಾಗಿದ್ದರಿಂದ ಈ ರಜೆ ಏರ್ಪಟ್ಟಿತೆಂಬ ಮಾತು ಪ್ರಚಲಿತದಲ್ಲಿದ್ದರೂ ಅದು ಸರಿಯಲ್ಲ. 19ನೇ ಶತಮಾನದ ಗ್ರಾಮೀಣ ಶಾಲೆಗಳು ಬಿತ್ತನೆ ಮತ್ತು ಕೊಯ್ಲಿನ ಕಾಲಗಳಲ್ಲಿ, ಎಂದರೆ ವಸಂತ ಮತ್ತು ಶರತ್ಕಾಲಗಳಲ್ಲಿ ಮುಚ್ಚಿದ್ದು, ಬೇಸಿಗೆಯಲ್ಲಿ ಹಾಗೂ ಚಳಿಗಾಲದಲ್ಲಿ ನಡೆಯುತ್ತಿದ್ದವು. ನಗರದ ಶಾಲೆಗಳು ವರ್ಷದ ಬಹುಭಾಗ ತೆರೆದಿರುತ್ತಿದ್ದವು. ಎರಡಕ್ಕೂ ಒಂದೇ ವೇಳಾಪಟ್ಟಿಯನ್ನು ತರುವ ಯತ್ನದಲ್ಲಿ ಇಂದಿನ ದೀರ್ಘ ಬೇಸಿಗೆ ರಜೆ ನೆಲೆಗೊಂಡಿತು.

ಹಿನ್ನೆಲೆ

ಶಾಲೆಯು ಇಡೀ ಸಾಹಿತ್ಯ ಕೃತಿಗಳನ್ನು ಹೆಸರಿಸಿ ಓದಿಸುವ ಕ್ರಮಕ್ಕೆ ಕಾಲೇಜು ಪ್ರವೇಶ ಪರೀಕ್ಷೆಗಳು ಮೂಲ. ಹಾರ್ವರ್ಡ್ ಕಾಲೇಜು 1874ರಲ್ಲಿ ಪ್ರವೇಶಾರ್ಥಿಗಳು ಗೊತ್ತುಪಡಿಸಿದ ಕೃತಿಗಳನ್ನು ಆಧರಿಸಿ ಪ್ರಬಂಧ ಬರೆಯಬೇಕೆಂಬ ನಿಯಮವನ್ನು ಜಾರಿಗೆ ತಂದಿತು. ಶೇಕ್ಸ್‌ಪಿಯರನ ಕೆಲವು ನಾಟಕಗಳು, ಗೋಲ್ಡ್‌ಸ್ಮಿತ್‌ನ 'ದಿ ವಿಕಾರ್ ಆಫ್ ವೇಕ್‌ಫೀಲ್ಡ್' ಹಾಗೂ ಸ್ಕಾಟ್‌ನ 'ಐವನ್‌ಹೋ' ಆ ಮೊದಲ ಪಟ್ಟಿಯಲ್ಲಿದ್ದವು. ಇತರ ಕಾಲೇಜುಗಳೂ ಇದೇ ದಾರಿ ಹಿಡಿದಾಗ, ಪ್ರತಿ ಕಾಲೇಜಿಗೂ ಬೇರೆ ಪಟ್ಟಿಯಂತೆ ಮಕ್ಕಳನ್ನು ಸಿದ್ಧಪಡಿಸುವ ಹೊರೆ ಪ್ರೌಢಶಾಲೆಗಳ ಮೇಲೆ ಬಿದ್ದಿತು. 1894ರಲ್ಲಿ ಪಟ್ಟಿಗಳನ್ನು ಏಕರೂಪಗೊಳಿಸುವ ಸಮ್ಮೇಳನವೂ ನಡೆಯಿತು. ಕಾಲೇಜುಗಳು ಮೇಲಿನಿಂದ ಹೇರುತ್ತಿದ್ದ ಈ ಪಟ್ಟಿಗಳ ವಿರುದ್ಧದ ಅಸಮಾಧಾನವೇ 1911ರಲ್ಲಿ ಇಂಗ್ಲಿಷ್ ಅಧ್ಯಾಪಕರ ರಾಷ್ಟ್ರೀಯ ಮಂಡಳಿ ಸ್ಥಾಪನೆಯಾಗಲು ಒಂದು ಮುಖ್ಯ ಕಾರಣವಾಯಿತು.

ಮತ್ತೊಂದು ಬೇರು ಸಾರ್ವಜನಿಕ ಗ್ರಂಥಾಲಯಗಳಲ್ಲಿದೆ. 1890ರ ದಶಕದಿಂದಲೇ ಕ್ಲೀವ್‌ಲ್ಯಾಂಡ್ ಮೊದಲಾದ ನಗರಗಳ ಗ್ರಂಥಾಲಯಗಳು ಮಕ್ಕಳಿಗಾಗಿ ಓದಿನ ಸಂಘಗಳನ್ನು ನಡೆಸತೊಡಗಿದವು. ಗ್ರಂಥಾಲಯದ ಬೇಸಿಗೆ ಓದಿನಲ್ಲಿ ಪುಸ್ತಕದ ಆಯ್ಕೆ ಮಗುವಿನದು, ಅಂಕವಿಲ್ಲ, ಓದಿದವರಿಗೆ ಸಣ್ಣ ಬಹುಮಾನವಿರಬಹುದು. ಶಾಲೆಯ ಬೇಸಿಗೆ ಓದಿನಲ್ಲಿ ಆಯ್ಕೆ ಅಧ್ಯಾಪಕರದು, ಅಂಕ ಉಂಟು. ಈ ಎರಡನ್ನೂ ಒಂದೇ ಹೆಸರಿನಿಂದ ಕರೆಯುವುದರಿಂದ ಪೋಷಕರಲ್ಲಿ ಗೊಂದಲ ಉಂಟಾಗುತ್ತದೆ. ಗ್ರಂಥಾಲಯದ ಕಾರ್ಯಕ್ರಮದಲ್ಲಿ ಹೆಸರು ನೋಂದಾಯಿಸಿದ ಮಾತ್ರಕ್ಕೆ ಶಾಲೆಯ ಕೆಲಸ ಪೂರ್ಣಗೊಂಡಂತೆ ಆಗುವುದಿಲ್ಲ.

ಪುಸ್ತಕಗಳ ಪಟ್ಟಿ

ಪಟ್ಟಿಯನ್ನು ಸಾಮಾನ್ಯವಾಗಿ ಶಾಲೆಯ ಇಂಗ್ಲಿಷ್ ವಿಭಾಗವು ಸಿದ್ಧಪಡಿಸಿ ಮೇ ಅಥವಾ ಜೂನ್ ತಿಂಗಳಿನಲ್ಲಿ ಪ್ರಕಟಿಸುತ್ತದೆ. ಕೆಲವು ಶಾಲೆಗಳಲ್ಲಿ ಎಲ್ಲ ವಿದ್ಯಾರ್ಥಿಗಳಿಗೂ ಇದು ಅನ್ವಯಿಸುತ್ತದೆ. ಇನ್ನು ಕೆಲವೆಡೆ ಆನರ್ಸ್ ತರಗತಿಗಳಿಗೆ ಮತ್ತು ಕಾಲೇಜು ಮಂಡಳಿಯು ನಡೆಸುವ ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್, ಸಂಕ್ಷಿಪ್ತವಾಗಿ ಎಪಿ ಎಂದು ಕರೆಯಲಾಗುವ ತರಗತಿಗಳಿಗೆ ಮಾತ್ರ ಸೀಮಿತವಾಗಿರುತ್ತದೆ. ಎಪಿ ವ್ಯವಸ್ಥೆಯಲ್ಲಿ ಇಂಗ್ಲಿಷಿಗೆ ಎರಡು ಪ್ರತ್ಯೇಕ ಕೋರ್ಸುಗಳಿವೆ. ಒಂದು ಸಾಹಿತ್ಯ ಮತ್ತು ರಚನೆ, ಮತ್ತೊಂದು ಭಾಷೆ ಮತ್ತು ರಚನೆ. ಮೊದಲನೆಯದರಲ್ಲಿ ಕಾದಂಬರಿ, ನಾಟಕ, ಕವಿತೆಗಳೂ, ಎರಡನೆಯದರಲ್ಲಿ ಪ್ರಬಂಧ, ಭಾಷಣ, ಆತ್ಮಕಥೆಯಂತಹ ಗದ್ಯವೂ ಪ್ರಧಾನವಾಗಿರುವುದರಿಂದ ಬೇಸಿಗೆಯ ಪಟ್ಟಿಯೂ ಅದಕ್ಕೆ ತಕ್ಕಂತೆ ಬದಲಾಗುತ್ತದೆ. ಇವುಗಳ ಪರೀಕ್ಷೆ ಮೇ ತಿಂಗಳಿನಲ್ಲಿ ನಡೆಯುತ್ತದೆ. ಆಗಸ್ಟ್ ಕೊನೆಯಿಂದ ಮೇವರೆಗಿನ ಅವಧಿ ಸಾಲದೆಂಬುದೇ ಓದಿನ ಒಂದು ಭಾಗವನ್ನು ರಜೆಗೆ ತಳ್ಳಲು ಅಧ್ಯಾಪಕರು ನೀಡುವ ಸಾಮಾನ್ಯ ಕಾರಣ.

ಆರ್ಥರ್ ಆ್ಯಪಲ್‌ಬೀ ಎಂಬ ಸಂಶೋಧಕರು 1989ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, ಅಮೆರಿಕದ ಪ್ರೌಢಶಾಲೆಗಳು ಅತಿ ಹೆಚ್ಚಾಗಿ ಓದಿಸುತ್ತಿದ್ದ ದೀರ್ಘ ಕೃತಿಗಳ ಸಾಲಿನಲ್ಲಿ ಶೇಕ್ಸ್‌ಪಿಯರನ 'ರೋಮಿಯೋ ಅಂಡ್ ಜೂಲಿಯೆಟ್' ಮತ್ತು 'ಮ್ಯಾಕ್‌ಬೆತ್', ಮಾರ್ಕ್ ಟ್ವೇನ್‌ನ 'ಹಕಲ್‌ಬರಿ ಫಿನ್', ಹಾರ್ಪರ್ ಲೀ ಅವರ 'ಟು ಕಿಲ್ ಎ ಮಾಕಿಂಗ್‌ಬರ್ಡ್', ಸ್ಟೈನ್‌ಬೆಕ್‌ನ 'ಆಫ್ ಮೈಸ್ ಅಂಡ್ ಮೆನ್', ಫಿಟ್ಸ್‌ಜೆರಾಲ್ಡ್‌ನ 'ದಿ ಗ್ರೇಟ್ ಗ್ಯಾಟ್ಸ್‌ಬಿ', ಗೋಲ್ಡಿಂಗ್‌ನ 'ಲಾರ್ಡ್ ಆಫ್ ದಿ ಫ್ಲೈಸ್' ಮುಂತಾದವು ಕಂಡುಬಂದವು. ಇವು ವರ್ಷವಿಡೀ ಓದಿಸುವ ಕೃತಿಗಳಾದರೂ ಬೇಸಿಗೆ ಪಟ್ಟಿಗಳಲ್ಲಿಯೂ ಇವೇ ಹೆಸರುಗಳು ಪದೇ ಪದೇ ಕಾಣಿಸಿಕೊಳ್ಳುತ್ತವೆ. ಇತ್ತೀಚಿನ ದಶಕಗಳಲ್ಲಿ ಕಪ್ಪು ವರ್ಣೀಯ, ಲ್ಯಾಟಿನ್ ಅಮೆರಿಕ ಮೂಲದ ಹಾಗೂ ಏಷ್ಯಾ ಮೂಲದ ಲೇಖಕರ ಕೃತಿಗಳೂ ಸೇರ್ಪಡೆಯಾಗಿವೆ. ಬಂಗಾಳಿ ಕುಟುಂಬವೊಂದರ ಕಥೆಯಾದ ಜುಂಪಾ ಲಾಹಿರಿಯವರ 2003ರ 'ದಿ ನೇಮ್‌ಸೇಕ್' ಅಂತಹ ಒಂದು ಕಾದಂಬರಿ.

ಒಂದು ಪುಸ್ತಕವನ್ನು ಎಲ್ಲರಿಗೂ ಕಡ್ಡಾಯಗೊಳಿಸಿ, ಇನ್ನೊಂದನ್ನು ಹತ್ತು ಹದಿನೈದು ಹೆಸರುಗಳ ಪಟ್ಟಿಯಿಂದ ವಿದ್ಯಾರ್ಥಿಯೇ ಆರಿಸಿಕೊಳ್ಳಲು ಬಿಡುವ ಮಿಶ್ರ ಕ್ರಮವೂ ಬಳಕೆಯಲ್ಲಿದೆ. ಆಡಳಿತದ ದೃಷ್ಟಿಯಿಂದ ಇದು ತುಸು ತೊಡಕಿನದಾದರೂ ವಿದ್ಯಾರ್ಥಿಗಳ ದೃಷ್ಟಿಯಿಂದ ಇದೇ ಮೇಲು. ಗ್ರಂಥಾಲಯದಲ್ಲಿ ಒಂದು ಪುಸ್ತಕ ದೊರೆಯದಿದ್ದಲ್ಲಿ ಇನ್ನೊಂದನ್ನು ತೆಗೆದುಕೊಳ್ಳುವ ಅವಕಾಶ ಇದರಲ್ಲಿದೆ.

ಪಟ್ಟಿಯಲ್ಲಿನ ಪುಸ್ತಕವೊಂದರ ಬಗ್ಗೆ ಪೋಷಕರಿಗೆ ಆಕ್ಷೇಪಣೆ ಇದ್ದಲ್ಲಿ ಬದಲಿ ಪುಸ್ತಕವನ್ನು ಕೋರಲು ಹಲವು ಶಾಲಾ ಜಿಲ್ಲೆಗಳು ಅವಕಾಶ ನೀಡುತ್ತವೆ. ಪುಸ್ತಕಗಳನ್ನು ತೆಗೆದುಹಾಕುವ ವಿಷಯದಲ್ಲಿ ಅಮೆರಿಕದ ಸುಪ್ರೀಂ ಕೋರ್ಟು 1982ರ ಪಿಕೋ ಪ್ರಕರಣದಲ್ಲಿ, ಅದರಲ್ಲಿರುವ ವಿಚಾರ ಇಷ್ಟವಿಲ್ಲವೆಂಬ ಕಾರಣಕ್ಕೆ ಮಾತ್ರ ಶಾಲಾ ಗ್ರಂಥಾಲಯದಿಂದ ಪುಸ್ತಕವನ್ನು ತೆಗೆಯುವಂತಿಲ್ಲವೆಂಬ ನಿಲುವನ್ನು ತಾಳಿತು. ಆದರೆ ಆ ತೀರ್ಪಿನಲ್ಲಿ ನ್ಯಾಯಾಧೀಶರ ಅಭಿಪ್ರಾಯಗಳು ಹಲವಾಗಿ ಒಡೆದಿದ್ದವು. ಮೇಲಾಗಿ ಅದು ಗ್ರಂಥಾಲಯಕ್ಕೆ ಸಂಬಂಧಿಸಿದ್ದೇ ಹೊರತು ತರಗತಿಯ ಪಠ್ಯಕ್ಕಲ್ಲ.

ವಿದ್ಯಾರ್ಥಿ ಮಾಡಬೇಕಾದ ಬರವಣಿಗೆ

ಓದಿನ ಜೊತೆಗೆ ಸಾಮಾನ್ಯವಾಗಿ ಮೂರು ಬಗೆಯ ಕೆಲಸಗಳಲ್ಲಿ ಒಂದನ್ನು ಕೊಡಲಾಗುತ್ತದೆ. ಪುಸ್ತಕದ ಅಂಚಿನಲ್ಲಿಯೇ ಪೆನ್ಸಿಲಿನಿಂದ ಟಿಪ್ಪಣಿ ಬರೆಯುವುದು ಮೊದಲನೆಯದು. ಎರಡನೆಯದು ಎರಡು ಕಾಲಂಗಳ ಟಿಪ್ಪಣಿ ಪುಸ್ತಕ. ಎಡ ಕಾಲಂನಲ್ಲಿ ಪುಸ್ತಕದಿಂದ ಆಯ್ದ ವಾಕ್ಯ ಮತ್ತು ಪುಟ ಸಂಖ್ಯೆ, ಬಲ ಕಾಲಂನಲ್ಲಿ ಅದರ ಬಗ್ಗೆ ವಿದ್ಯಾರ್ಥಿಯ ಸ್ವಂತ ಅಭಿಪ್ರಾಯ ಅಥವಾ ಪ್ರಶ್ನೆ ಇರಬೇಕು. ಮೂರನೆಯದು ಶಾಲೆ ಪುನರಾರಂಭವಾದ ಮೊದಲ ಅಥವಾ ಎರಡನೇ ವಾರದಲ್ಲಿ ತರಗತಿಯಲ್ಲಿಯೇ ಬರೆಯಬೇಕಾದ ಪರೀಕ್ಷೆ ಅಥವಾ ಪ್ರಬಂಧ.

ಅಂಚಿನ ಟಿಪ್ಪಣಿಯ ಕೆಲಸಕ್ಕೆ ಒಂದು ಅಡಚಣೆ ಇದೆ. ಗ್ರಂಥಾಲಯದ ಅಥವಾ ಶಾಲೆಯ ಪುಸ್ತಕದಲ್ಲಿ ಬರೆಯಲು ಅವಕಾಶವಿಲ್ಲ. ಎಂದಮೇಲೆ ಅಂಚಿನಲ್ಲಿ ಬರೆಯಿರಿ ಎಂಬ ಸೂಚನೆಯ ಅರ್ಥ ಪುಸ್ತಕವನ್ನು ಹಣ ಕೊಟ್ಟು ಕೊಳ್ಳಿರಿ ಎಂದೇ ಆಗುತ್ತದೆ. ಅಂಟಿಸಿ ತೆಗೆಯಬಹುದಾದ ಸಣ್ಣ ಚೀಟಿಗಳಲ್ಲಿ ಟಿಪ್ಪಣಿ ಬರೆಯಲು ಹಲವು ಅಧ್ಯಾಪಕರು ಅನುಮತಿ ನೀಡುತ್ತಾರೆ. ಸೂಚನಾ ಪತ್ರದಲ್ಲಿ ಈ ಒಂದು ಸಾಲು ಇದೆಯೇ ಇಲ್ಲವೇ ಎಂಬುದನ್ನು ಪೋಷಕರು ಮೊದಲು ನೋಡಬೇಕು.

ಪುಸ್ತಕದ ವೆಚ್ಚ

ಸಾಧಾರಣ ಪೇಪರ್‌ಬ್ಯಾಕ್ ಪ್ರತಿಯೊಂದರ ಬೆಲೆ ಅಲ್ಲಿ ಸುಮಾರು 10ರಿಂದ 20 ಡಾಲರುಗಳು. ಸರಾಸರಿ 15 ಡಾಲರ್ ಎಂದಿಟ್ಟುಕೊಂಡರೂ, ಮೂರು ಪುಸ್ತಕಗಳ ಪಟ್ಟಿಗೆ ಒಬ್ಬ ವಿದ್ಯಾರ್ಥಿಗೆ 45 ಡಾಲರ್, ಪ್ರೌಢಶಾಲೆಯಲ್ಲಿ ಇಬ್ಬರು ಮಕ್ಕಳಿರುವ ಮನೆಗೆ 90 ಡಾಲರ್ ಆಗುತ್ತದೆ. ಅನುಕೂಲಸ್ಥ ಕುಟುಂಬದ ಆಯವ್ಯಯದಲ್ಲಿ ಇದು ಗಮನಕ್ಕೆ ಬರುವ ಮೊತ್ತವಲ್ಲ. ಕನಿಷ್ಠ ವೇತನದಲ್ಲಿ ದುಡಿಯುವ ತಾಯಿಗೆ ಇದು ಒಂದು ದಿನಕ್ಕೂ ಮೀರಿದ ದುಡಿಮೆ. ಕೇಂದ್ರ ಸರ್ಕಾರ ನಿಗದಿಪಡಿಸಿದ ಕನಿಷ್ಠ ವೇತನ 2009ರಿಂದ ಗಂಟೆಗೆ 7.25 ಡಾಲರ್ ಇದ್ದು, ಅದರಂತೆ ಲೆಕ್ಕ ಹಾಕಿದರೆ 90 ಡಾಲರಿಗೆ ಹನ್ನೆರಡು ಗಂಟೆಗೂ ಹೆಚ್ಚು ಕಾಲ ದುಡಿಯಬೇಕಾಗುತ್ತದೆ. ಹಲವು ರಾಜ್ಯಗಳು ಇದಕ್ಕಿಂತ ಹೆಚ್ಚಿನ ದರವನ್ನು ಗೊತ್ತುಪಡಿಸಿವೆ.

ಇದೇ ವೆಚ್ಚವನ್ನು ಶಾಲೆ ಭರಿಸಿದಲ್ಲಿ ಲೆಕ್ಕ ಬೇರೆಯಾಗುತ್ತದೆ. ಉದಾಹರಣೆಗೆ 120 ವಿದ್ಯಾರ್ಥಿಗಳಿಗೆ ಒಂದು ಪುಸ್ತಕದ 120 ಪ್ರತಿಗಳನ್ನು 15 ಡಾಲರ್ ದರದಲ್ಲಿ ಖರೀದಿಸಿದರೆ 1,800 ಡಾಲರ್ ಆಗುತ್ತದೆ. ಪ್ರತಿ ವರ್ಷ ಹತ್ತಕ್ಕೊಂದು ಪ್ರತಿ ಕಳೆದುಹೋಗುವುದೆಂದು ಉದಾರವಾಗಿ ಭಾವಿಸಿ, ಎರಡನೇ ವರ್ಷದಿಂದ ಐದನೇ ವರ್ಷದವರೆಗೆ ತಲಾ 12 ಪ್ರತಿಗಳನ್ನು ಭರ್ತಿ ಮಾಡಿದರೆ ಇನ್ನೂ 720 ಡಾಲರ್. ಐದು ವರ್ಷಗಳಲ್ಲಿ 600 ವಿದ್ಯಾರ್ಥಿಗಳು ಓದುವ ಈ ವ್ಯವಸ್ಥೆಗೆ ಒಟ್ಟು 2,520 ಡಾಲರ್ ತಗಲುತ್ತದೆ, ಅಂದರೆ ತಲಾ 4.20 ಡಾಲರ್. ಮನೆಗೆ 15 ಡಾಲರ್ ಬೀಳುವ ವಸ್ತು ಶಾಲೆಗೆ ಅದರ ಮೂರನೇ ಒಂದು ಭಾಗಕ್ಕಿಂತ ಕಡಿಮೆಗೆ ದೊರೆಯುತ್ತದೆ. ವರ್ಷದ ಬೋಧನೆಗಾಗಿ ಈಗಾಗಲೇ ಕೊಂಡಿರುವ ಪ್ರತಿಗಳು ಜೂನ್‌ನಿಂದ ಆಗಸ್ಟ್‌ವರೆಗೆ ಶಾಲೆಯ ಬೀರುಗಳಲ್ಲಿ ಬೀಗದೊಳಗೇ ಇರುತ್ತವೆಯಾದ್ದರಿಂದ, ದಾಸ್ತಾನು ವಹಿಯಲ್ಲಿ ಸಹಿ ಪಡೆದು ಅವನ್ನೇ ಮನೆಗೆ ಕೊಟ್ಟು ಕಳುಹಿಸಿದರೆ ಹೊಸ ಖರೀದಿಯೂ ಬೇಕಾಗುವುದಿಲ್ಲ. ರಜೆಯಲ್ಲಿ ಪುಸ್ತಕ ಕಳೆದೀತೆಂಬ ಭಯ ಇದಕ್ಕೆ ಅಡ್ಡ ಬರುತ್ತದೆ. ದಾಸ್ತಾನಿಗೆ ಹೊಣೆಯಾದವರಿಗೆ ಈ ಭಯ ಅಸಹಜವಲ್ಲ, ಆದರೆ ಮೇಲಿನ ಲೆಕ್ಕದಲ್ಲಿ ನಷ್ಟವನ್ನೂ ಸೇರಿಸಲಾಗಿದೆ.

ಕಾನೂನಿನ ಸ್ಥಿತಿ ರಾಜ್ಯದಿಂದ ರಾಜ್ಯಕ್ಕೆ ಬೇರೆಯಾಗಿದೆ. ಕ್ಯಾಲಿಫೋರ್ನಿಯಾದ ಸಂವಿಧಾನವು ಉಚಿತ ಶಾಲೆಯ ಭರವಸೆಯನ್ನು ನೀಡಿದ್ದು, 1984ರಲ್ಲಿ ಆ ರಾಜ್ಯದ ಸುಪ್ರೀಂ ಕೋರ್ಟು ಹಾರ್ಟ್‌ಜೆಲ್ ಪ್ರಕರಣದಲ್ಲಿ, ಶಾಲೆಯ ಶೈಕ್ಷಣಿಕ ಸ್ವರೂಪದ ಪಠ್ಯೇತರ ಚಟುವಟಿಕೆಗಳಿಗೂ ಶುಲ್ಕ ವಿಧಿಸುವಂತಿಲ್ಲವೆಂದು ತೀರ್ಪು ನೀಡಿತು. 2012ರಲ್ಲಿ ಅಂಗೀಕೃತವಾಗಿ 2013ರ ಜನವರಿ 1ರಿಂದ ಜಾರಿಗೆ ಬಂದ ಕಾಯ್ದೆಯು ಇದನ್ನು ಇನ್ನಷ್ಟು ಸ್ಪಷ್ಟಪಡಿಸಿ, ಶೈಕ್ಷಣಿಕ ಚಟುವಟಿಕೆಗೆ ಅಗತ್ಯವಾದ ಸಾಮಗ್ರಿಗಳನ್ನು ವಿದ್ಯಾರ್ಥಿಗಳಿಗೆ ಶುಲ್ಕವಿಲ್ಲದೆ ಒದಗಿಸಬೇಕೆಂದು ವಿಧಿಸಿದೆ ಹಾಗೂ ದೂರು ಸಲ್ಲಿಸುವ ವಿಧಾನವನ್ನೂ ತಿಳಿಸಿದೆ. ಶುಲ್ಕವನ್ನು ಬಡವರಿಗೆ ಮಾತ್ರ ಮನ್ನಾ ಮಾಡುತ್ತೇವೆ ಎಂಬ ಸಮಜಾಯಿಷಿಯನ್ನೂ ಆ ಕಾಯ್ದೆ ಒಪ್ಪುವುದಿಲ್ಲ. ಇಷ್ಟು ಸ್ಪಷ್ಟವಾದ ನಿಯಮ ಎಲ್ಲ ರಾಜ್ಯಗಳಲ್ಲಿ ಇಲ್ಲ.

ಗ್ರಂಥಾಲಯ ಮತ್ತು ಉಚಿತ ಪ್ರತಿಗಳು

ಅಮೆರಿಕದಲ್ಲಿ ಸುಮಾರು 9,000 ಸಾರ್ವಜನಿಕ ಗ್ರಂಥಾಲಯ ವ್ಯವಸ್ಥೆಗಳಿದ್ದು, ಸ್ಥಳೀಯ ನಿವಾಸಿಗಳಿಗೆ ಸದಸ್ಯತ್ವ ಸಾಮಾನ್ಯವಾಗಿ ಉಚಿತ. ಶಾಲೆಯ ಪಟ್ಟಿಯನ್ನು ಮುಂಚಿತವಾಗಿ ಪಡೆದು ಹೆಚ್ಚುವರಿ ಪ್ರತಿಗಳನ್ನು ತರಿಸಿ ಪ್ರತ್ಯೇಕ ಕಪಾಟಿನಲ್ಲಿ ಜೋಡಿಸುವ ಗ್ರಂಥಾಲಯಗಳಿವೆ. ಪಟ್ಟಿ ಬಾರದೇ ಇದ್ದಲ್ಲಿ ಒಂದೇ ಪುಸ್ತಕಕ್ಕಾಗಿ ನೂರಾರು ವಿದ್ಯಾರ್ಥಿಗಳು ಆಗಸ್ಟ್ ತಿಂಗಳಿನಲ್ಲಿ ಒಮ್ಮೆಲೇ ಸರದಿಯಲ್ಲಿ ನಿಲ್ಲುತ್ತಾರೆ. ಇ-ಪುಸ್ತಕದಿಂದ ಈ ಸರದಿ ತಪ್ಪುವುದೆಂದು ಭಾವಿಸುವುದು ತಪ್ಪು. ಲಿಬ್ಬಿ ಮುಂತಾದ ಆ್ಯಪ್‌ಗಳ ಮೂಲಕ ಎರವಲು ನೀಡುವ ಇ-ಪುಸ್ತಕಗಳಿಗೂ ಬಹುತೇಕ ಒಂದು ಪರವಾನಗಿಗೆ ಒಬ್ಬ ಓದುಗನೆಂಬ ನಿಯಮವೇ ಅನ್ವಯಿಸುವುದರಿಂದ ಅಲ್ಲಿಯೂ ಕಾಯಬೇಕಾಗುತ್ತದೆ.

ವಿಳಂಬ ಶುಲ್ಕ ಮತ್ತೊಂದು ತಡೆಯಾಗಿತ್ತು. ನ್ಯೂಯಾರ್ಕ್ ನಗರದಲ್ಲಿ 15 ಡಾಲರ್ ಅಥವಾ ಅದಕ್ಕಿಂತ ಹೆಚ್ಚು ಬಾಕಿ ಇದ್ದವರ ಕಾರ್ಡನ್ನು ತಡೆಹಿಡಿಯಲಾಗುತ್ತಿತ್ತು. 2021ರ ಅಕ್ಟೋಬರ್‌ನಲ್ಲಿ ಆ ನಗರದ ಮೂರೂ ಗ್ರಂಥಾಲಯ ವ್ಯವಸ್ಥೆಗಳು ವಿಳಂಬ ಶುಲ್ಕವನ್ನು ರದ್ದುಪಡಿಸಿದಾಗ, ಸುಮಾರು 4 ಲಕ್ಷ ಮಂದಿಯ ಕಾರ್ಡುಗಳು ಹೀಗೆ ತಡೆಯಲ್ಲಿದ್ದವೆಂದೂ, ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಹಿಂದುಳಿದ ಬಡಾವಣೆಗಳವರೆಂದೂ ತಿಳಿದುಬಂದಿತು. ಷಿಕಾಗೊ ಮತ್ತು ಸ್ಯಾನ್ ಫ್ರಾನ್ಸಿಸ್ಕೊ ನಗರಗಳು 2019ರಲ್ಲಿಯೇ ಈ ಕ್ರಮ ಕೈಗೊಂಡಿದ್ದವು.

ಹಕ್ಕುಸ್ವಾಮ್ಯದ ಅವಧಿ ಮುಗಿದ ಕೃತಿಗಳನ್ನು ಪ್ರಾಜೆಕ್ಟ್ ಗುಟೆನ್‌ಬರ್ಗ್‌ನಂತಹ ತಾಣಗಳಿಂದ ಉಚಿತವಾಗಿ ಪಡೆಯಬಹುದು. 1925ರಲ್ಲಿ ಪ್ರಕಟವಾದ 'ದಿ ಗ್ರೇಟ್ ಗ್ಯಾಟ್ಸ್‌ಬಿ' 2021ರ ಜನವರಿ 1ರಂದು ಅಮೆರಿಕದಲ್ಲಿ ಮುಕ್ತವಾಯಿತು. 'ಟು ಕಿಲ್ ಎ ಮಾಕಿಂಗ್‌ಬರ್ಡ್' 1960ರ ಕೃತಿಯಾದುದರಿಂದ ಪ್ರಕಟಣೆಯಿಂದ 95 ವರ್ಷಗಳ ನಿಯಮದಂತೆ 2055ರ ಕೊನೆಯವರೆಗೂ ಹಕ್ಕುಸ್ವಾಮ್ಯದಲ್ಲಿರುತ್ತದೆ. ಭಾರತದಲ್ಲಿ ಲೇಖಕನ ಮರಣಾನಂತರ 60 ವರ್ಷಗಳ ನಿಯಮವಿರುವ ಕಾರಣ ಲೆಕ್ಕ ಬೇರೆ. 1950ರಲ್ಲಿ ನಿಧನರಾದ ಜಾರ್ಜ್ ಆರ್ವೆಲ್ ಅವರ 'ಅನಿಮಲ್ ಫಾರ್ಮ್' ಇಲ್ಲಿ 2011ರಿಂದ ಮುಕ್ತವಾಗಿದ್ದರೂ ಅಮೆರಿಕದಲ್ಲಿ ಇನ್ನೂ ಮುಕ್ತವಾಗಿಲ್ಲ.

ಬೇಸಿಗೆ ಓದಿನ ಪರಿಣಾಮ: ಅಧ್ಯಯನಗಳು

ರಜೆಯಲ್ಲಿ ಮಕ್ಕಳು ಕಲಿತದ್ದನ್ನು ಮರೆಯುತ್ತಾರೆಂಬುದು ಈ ಪದ್ಧತಿಯ ಸಮರ್ಥನೆಗೆ ನೀಡಲಾಗುವ ಮುಖ್ಯ ಕಾರಣ. ಸಮಾಜಶಾಸ್ತ್ರಜ್ಞೆ ಬಾರ್ಬರಾ ಹೈನ್ಸ್ ಅವರು ಅಟ್ಲಾಂಟಾ ನಗರದ ಮಕ್ಕಳನ್ನು ಕುರಿತು 1978ರಲ್ಲಿ ಪ್ರಕಟಿಸಿದ ಅಧ್ಯಯನವು, ಬೇಸಿಗೆಯ ಚಟುವಟಿಕೆಗಳಲ್ಲೆಲ್ಲ ಓದಿಗೆ ಕಲಿಕೆಯೊಡನೆ ಸ್ಥಿರವಾದ ಸಂಬಂಧವಿರುವುದನ್ನೂ, ಮನೆಗೆ ಗ್ರಂಥಾಲಯ ಹತ್ತಿರವಿರುವುದು ನೆರವಾಗುವುದನ್ನೂ ತೋರಿಸಿತು. ಹ್ಯಾರಿಸ್ ಕೂಪರ್ ಮತ್ತು ಸಂಗಡಿಗರು 1996ರಲ್ಲಿ 39 ಅಧ್ಯಯನಗಳನ್ನು ಪರಿಶೀಲಿಸಿ, ರಜೆಯಲ್ಲಿ ಸರಾಸರಿ ಒಂದು ತಿಂಗಳ ಕಲಿಕೆಯಷ್ಟು ಹಿನ್ನಡೆಯಾಗುತ್ತದೆಂದೂ, ಓದಿನ ವಿಷಯದಲ್ಲಿ ಬಡ ಮತ್ತು ಮಧ್ಯಮ ವರ್ಗದ ಮಕ್ಕಳ ನಡುವೆ ಅಂತರ ಹೆಚ್ಚುತ್ತದೆಂದೂ ಹೇಳಿದರು. 1982ರಲ್ಲಿ ಬಾಲ್ಟಿಮೋರ್‌ನಲ್ಲಿ ಒಂದನೇ ತರಗತಿಯ ಮಕ್ಕಳೊಡನೆ ಆರಂಭವಾದ ದೀರ್ಘಾವಧಿ ಅಧ್ಯಯನದ ಆಧಾರದಲ್ಲಿ 2007ರಲ್ಲಿ ಪ್ರಕಟವಾದ ಲೇಖನವು, 9ನೇ ತರಗತಿಯ ಹೊತ್ತಿಗೆ ಕಂಡ ಓದಿನ ಅಂತರದ ಸುಮಾರು ಮೂರನೇ ಎರಡು ಭಾಗವನ್ನು ಪ್ರಾಥಮಿಕ ಹಂತದ ಬೇಸಿಗೆಗಳಿಗೆ ಸಂಬಂಧಿಸಿತು.

ಈ ಅಭಿಪ್ರಾಯ ಪ್ರಶ್ನಾತೀತವೇನಲ್ಲ. ಪಾಲ್ ವಾನ್ ಹಿಪ್ಪೆಲ್ ಅವರು 2019ರಲ್ಲಿ, ಹಳೆಯ ಅಧ್ಯಯನಗಳಲ್ಲಿ ಬಳಸಿದ ಪರೀಕ್ಷೆಗಳ ಅಂಕಮಾಪನದಲ್ಲಿಯೇ ದೋಷವಿದ್ದು, ಹೊಸ ಮಾಪನದಲ್ಲಿ ಬೇಸಿಗೆಯಿಂದ ಅಂತರ ಬೆಳೆಯುವುದು ಸ್ಪಷ್ಟವಾಗಿ ಕಾಣುವುದಿಲ್ಲವೆಂದು ತೋರಿಸಿದರು.

ಪುಸ್ತಕವನ್ನು ಒದಗಿಸಿದರೆ ಏನಾಗುತ್ತದೆ ಎಂಬುದನ್ನು ನೇರವಾಗಿ ಪರೀಕ್ಷಿಸಿದ ಎರಡು ಪ್ರಯೋಗಗಳು ಇಲ್ಲಿ ಹೆಚ್ಚು ಪ್ರಸ್ತುತ. ರಿಚರ್ಡ್ ಅಲಿಂಗ್‌ಟನ್, ಆನ್ ಮೆಕ್‌ಗಿಲ್-ಫ್ರಾನ್ಜನ್ ಮತ್ತು ಸಂಗಡಿಗರು ಫ್ಲಾರಿಡಾದ ಬಡ ಮಕ್ಕಳು ಹೆಚ್ಚಾಗಿರುವ 17 ಶಾಲೆಗಳಲ್ಲಿ, ಮಕ್ಕಳೇ ಆರಿಸಿಕೊಂಡ 12 ಪುಸ್ತಕಗಳನ್ನು ಸತತ ಮೂರು ಬೇಸಿಗೆಗಳಲ್ಲಿ ಉಚಿತವಾಗಿ ನೀಡಿದರು. 2010ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಪುಸ್ತಕ ಪಡೆದ ಮಕ್ಕಳ ಓದಿನ ಅಂಕ ಪಡೆಯದವರಿಗಿಂತ ಹೆಚ್ಚಾಗಿತ್ತು. ಕಡುಬಡ ಮಕ್ಕಳಲ್ಲಿ ಪ್ರಯೋಜನ ಇನ್ನೂ ಹೆಚ್ಚು. ಜೇಮ್ಸ್ ಕಿಮ್ ಮತ್ತು ಥಾಮಸ್ ವೈಟ್ ಅವರ 2008ರ ಪ್ರಯೋಗದಲ್ಲಿ ಮಾತ್ರ ಬರಿಯ ಪುಸ್ತಕವನ್ನು ಕಳುಹಿಸಿದ ಗುಂಪಿಗೆ ಹೇಳಿಕೊಳ್ಳುವಂತಹ ಲಾಭವಾಗಲಿಲ್ಲ. ರಜೆಗೆ ಮುನ್ನ ಅಧ್ಯಾಪಕರು ಓದುವ ಬಗೆಯನ್ನು ಕಲಿಸಿ, ಮನೆಯವರು ಮಗು ಓದುವುದನ್ನು ಕೇಳಿಸಿಕೊಂಡ ಗುಂಪಿಗೆ ಲಾಭವಾಯಿತು.

ಮೇಲ್ಕಂಡ ಅಧ್ಯಯನಗಳೆಲ್ಲವೂ ಪ್ರಾಥಮಿಕ ಅಥವಾ ಮಾಧ್ಯಮಿಕ ಹಂತದ ಮಕ್ಕಳನ್ನು ಕುರಿತವು ಎಂಬುದು ಗಮನಾರ್ಹ. ಇವುಗಳಲ್ಲಿ ಮಗುವೇ ಪುಸ್ತಕವನ್ನು ಆರಿಸಿದ ಅಥವಾ ಮಗುವಿನ ಮಟ್ಟಕ್ಕೆ ಹೊಂದಿಸಿ ಪುಸ್ತಕ ಕೊಟ್ಟ ಪ್ರಯೋಗಗಳ ಫಲವನ್ನು, ಹದಿನಾರರ ವಿದ್ಯಾರ್ಥಿಗೆ 'ದಿ ಸ್ಕಾರ್ಲೆಟ್ ಲೆಟರ್' ಕಡ್ಡಾಯಗೊಳಿಸಲು ಪ್ರಮಾಣವಾಗಿ ಬಳಸುವುದು ಸರಿಯಾಗಲಾರದು. ಇನ್ನೊಂದೆಡೆ, ಅಮೆರಿಕದ ರಾಷ್ಟ್ರೀಯ ಶೈಕ್ಷಣಿಕ ಮೌಲ್ಯಮಾಪನದ ಪ್ರಕಾರ ಬಹುತೇಕ ಪ್ರತಿದಿನ ಸಂತೋಷಕ್ಕಾಗಿ ಓದುವ 13 ವರ್ಷದ ಮಕ್ಕಳ ಪ್ರಮಾಣ 2012ರಲ್ಲಿ ಶೇ. 27 ಇದ್ದದ್ದು 2023ರಲ್ಲಿ ಶೇ. 14ಕ್ಕೆ ಇಳಿದಿದೆ. ಶಾಲೆ ಹೇಳದೆ ಹೋದರೆ ಮಕ್ಕಳು ಓದುವುದೇ ಇಲ್ಲ ಎನ್ನುವ ಅಧ್ಯಾಪಕರ ಆತಂಕಕ್ಕೆ ಈ ಅಂಕಿ ಅಂಶ ಆಧಾರ ಒದಗಿಸುತ್ತದೆ.

ಮೌಲ್ಯಮಾಪನ ಮತ್ತು ವಿವಾದಗಳು

ಶಾಲೆ ಮುಚ್ಚಿರುವ ಕಾಲದ ಕೆಲಸಕ್ಕೆ ಅಂಕ ನೀಡುವ ಅಧಿಕಾರ ಶಾಲೆಗಿದೆಯೇ ಎಂಬ ಪ್ರಶ್ನೆ ವಿಸ್ಕಾನ್ಸಿನ್ ರಾಜ್ಯದಲ್ಲಿ ನ್ಯಾಯಾಲಯದ ಮುಂದೆ ಬಂದಿತ್ತು. ಅದು ಗಣಿತದ ಆನರ್ಸ್ ತರಗತಿಯ ಬೇಸಿಗೆ ಕೆಲಸವನ್ನು ಪ್ರಶ್ನಿಸಿ ವಿದ್ಯಾರ್ಥಿ ಮತ್ತು ತಂದೆ ಹೂಡಿದ್ದ ದಾವೆ. ಅದು ವಜಾಗೊಂಡು, 2006ರಲ್ಲಿ ಮೇಲ್ಮನವಿ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು. ತರಗತಿಗೆ ಸೇರುವುದು ಐಚ್ಛಿಕವಾಗಿದ್ದಲ್ಲಿ ಅದರ ಷರತ್ತನ್ನು ಪೂರೈಸಬೇಕೆನ್ನುವುದು ಶಾಲೆಗಳು ಸಾಮಾನ್ಯವಾಗಿ ಮುಂದಿಡುವ ವಾದ.

ಆದರೆ ಅಧಿಕಾರವಿರುವುದು ಬೇರೆ, ಅಂಕ ಯಾವುದನ್ನು ಅಳೆಯುತ್ತದೆಂಬುದು ಬೇರೆ. ಪುಸ್ತಕವನ್ನು ಶಾಲೆ ಒದಗಿಸದೆ ಮೊದಲ ವಾರದಲ್ಲಿಯೇ ಪರೀಕ್ಷೆ ನಡೆಸಿದರೆ, ಆ ಅಂಕ ವಿದ್ಯಾರ್ಥಿಯ ಓದಿನದೋ ಮನೆಯವರ ಖರೀದಿಯದೋ ಎಂದು ವಿಂಗಡಿಸಲು ಸಾಧ್ಯವಿಲ್ಲ. ರಜೆಯಲ್ಲಿ ಅಂಗಡಿಯಲ್ಲಿ ದುಡಿಯುವ, ತಮ್ಮ ತಂಗಿಯರನ್ನು ನೋಡಿಕೊಳ್ಳುವ ಪ್ರೌಢಶಾಲಾ ವಿದ್ಯಾರ್ಥಿಗಳು ಅಲ್ಲಿಯೂ ಇದ್ದಾರೆ. ವರ್ಷದ ಮೊದಲ ಅಂಕವೇ ಸೊನ್ನೆಯಾದಲ್ಲಿ ಅಂತಹ ವಿದ್ಯಾರ್ಥಿ ಆನರ್ಸ್ ತರಗತಿಯನ್ನು ಬಿಟ್ಟು ಸಾಮಾನ್ಯ ತರಗತಿಗೆ ಸರಿಯುವುದು ಸುಲಭ, ಹಿಂದಿರುಗುವುದು ಕಷ್ಟ. ಕೆಲವು ಶಾಲೆಗಳು ಇದನ್ನು ಮನಗಂಡು ಕಡ್ಡಾಯ ಪಟ್ಟಿಯನ್ನು ಕೈಬಿಟ್ಟಿವೆ, ಅಥವಾ ಮೊದಲ ಎರಡು ವಾರ ತರಗತಿಯಲ್ಲಿ ಪುಸ್ತಕ ಕೊಟ್ಟು ಓದಲು ಅವಕಾಶ ನೀಡಿದ ನಂತರವೇ ಅಂಕ ನೀಡುತ್ತವೆ. ಈ ಎರಡನೆಯ ಕ್ರಮಕ್ಕೆ ಹೆಚ್ಚಿನ ವೆಚ್ಚವಿಲ್ಲ.

ಓದದೆ ಬರೆಯುವ ಸಮಸ್ಯೆ ಹಳೆಯದು. ನಮ್ಮಲ್ಲಿನ ಗೈಡುಗಳಂತೆ ಅಲ್ಲಿ 1958ರಿಂದ ಕ್ಲಿಫ್ಸ್‌ನೋಟ್ಸ್ ಎಂಬ ಸಾರಾಂಶ ಪುಸ್ತಕಗಳೂ, 1999ರಿಂದ ಸ್ಪಾರ್ಕ್‌ನೋಟ್ಸ್ ಎಂಬ ಅಂತರಜಾಲ ತಾಣವೂ ಪ್ರಚಲಿತದಲ್ಲಿವೆ. 2022ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಎರಡು ಕಾಲಂಗಳ ಟಿಪ್ಪಣಿ ಪುಸ್ತಕವನ್ನೂ ಯಂತ್ರದಿಂದಲೇ ಬರೆಸುವುದು ಸಾಧ್ಯವಾಯಿತು. ಪರಿಣಾಮವಾಗಿ ಮನೆಯಲ್ಲಿ ಬರೆದು ತರುವ ಕೆಲಸಕ್ಕೆ ಬದಲಾಗಿ ತರಗತಿಯಲ್ಲಿ ಕೈಬರಹದಲ್ಲಿ ಬರೆಯುವ, ಇಲ್ಲವೇ ಅಧ್ಯಾಪಕರೊಡನೆ ಮಾತನಾಡಿ ಉತ್ತರಿಸುವ ಕ್ರಮಗಳತ್ತ ಅನೇಕ ಅಧ್ಯಾಪಕರು ಮರಳುತ್ತಿದ್ದಾರೆ.

ಕರ್ನಾಟಕದ ಸಂದರ್ಭ

ನಮ್ಮ ರಾಜ್ಯದಲ್ಲಿ ಬೇಸಿಗೆ ರಜೆ ಸಾಮಾನ್ಯವಾಗಿ ಏಪ್ರಿಲ್ ಎರಡನೇ ವಾರದ ಸುಮಾರಿಗೆ ಆರಂಭವಾಗಿ ಮೇ ಕೊನೆಯಲ್ಲಿ ಮುಗಿಯುತ್ತದೆ. ಪ್ರೌಢಶಾಲೆಯ ಇಂಗ್ಲಿಷ್ ಪಠ್ಯದಲ್ಲಿ ಪೂರಕ ಓದಿನ ಪಾಠಗಳಿದ್ದರೂ ಇಡೀ ಕಾದಂಬರಿಯನ್ನು ಕಡ್ಡಾಯವಾಗಿ ಓದಿಸುವ ಕ್ರಮವಿಲ್ಲ. ಕೇಂದ್ರೀಯ ಪ್ರೌಢ ಶಿಕ್ಷಣ ಮಂಡಳಿಯು 2010ರ ದಶಕದಲ್ಲಿ ಕೆಲವು ವರ್ಷಗಳ ಕಾಲ 9ನೇ ತರಗತಿಗೆ 'ಗಲಿವರ್ಸ್ ಟ್ರಾವೆಲ್ಸ್' ಅಥವಾ 'ಥ್ರೀ ಮೆನ್ ಇನ್ ಎ ಬೋಟ್', 10ನೇ ತರಗತಿಗೆ ಆನ್ ಫ್ರಾಂಕ್‌ಳ ದಿನಚರಿ ಅಥವಾ ಹೆಲೆನ್ ಕೆಲರ್ ಅವರ ಆತ್ಮಕಥೆಯನ್ನು ದೀರ್ಘ ಓದಿನ ಪಠ್ಯವಾಗಿ ಇರಿಸಿ, ಆನಂತರ ಕೈಬಿಟ್ಟಿತು. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ವ್ಯಾಪ್ತಿಗೆ ಬಂದ ನಂತರ, 2020ರ ನವೆಂಬರ್‌ನಲ್ಲಿ 'ಓದುವ ಬೆಳಕು' ಕಾರ್ಯಕ್ರಮದ ಮೂಲಕ ಮಕ್ಕಳನ್ನು ಉಚಿತವಾಗಿ ಸದಸ್ಯರನ್ನಾಗಿ ಮಾಡಿಕೊಳ್ಳಲಾಯಿತು.

ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗ ಕುಟುಂಬಗಳು ಊರಿಗೆ ಬರುವುದು ಹೆಚ್ಚಾಗಿ ಜೂನ್‌ನಿಂದ ಆಗಸ್ಟ್‌ವರೆಗಿನ ಅವಧಿಯಲ್ಲಿ. ಬೇಸಿಗೆ ಓದಿನ ಕೆಲಸವೂ ಅದೇ ಅವಧಿಯದು. ಆ ವೇಳೆಗೆ ಇಲ್ಲಿನ ಶಾಲೆಗಳು ಆರಂಭವಾಗಿರುವುದರಿಂದ ಹಗಲಿನಲ್ಲಿ ಅಜ್ಜ ಅಜ್ಜಿಯರ ಮನೆಯಲ್ಲಿ ಓದಿಗೆ ಬೇಕಾದಷ್ಟು ಬಿಡುವು ದೊರೆಯುತ್ತದೆ. ಪಟ್ಟಿಯಲ್ಲಿನ ಹಳೆಯ ಕೃತಿಗಳ ಭಾರತೀಯ ಮುದ್ರಣಗಳು ಬೆಂಗಳೂರಿನ ಚರ್ಚ್ ಸ್ಟ್ರೀಟ್ ಹಾಗೂ ಅವೆನ್ಯೂ ರಸ್ತೆಯ ಪುಸ್ತಕದಂಗಡಿಗಳಲ್ಲಿ ಕಡಿಮೆ ಬೆಲೆಗೆ ದೊರೆಯಬಹುದು. ಆದರೆ ಮುದ್ರಣ ಬೇರೆಯಾದಲ್ಲಿ ಪುಟ ಸಂಖ್ಯೆಯೂ ಬೇರೆಯಾಗುವುದರಿಂದ ಟಿಪ್ಪಣಿಯಲ್ಲಿ ಅಧ್ಯಾಯದ ಸಂಖ್ಯೆಯನ್ನೂ ನಮೂದಿಸುವುದು, ಮುದ್ರಣದ ವಿವರವನ್ನು ಮೊದಲ ಪುಟದಲ್ಲಿ ಬರೆಯುವುದು ಸೂಕ್ತ. ಗ್ರಂಥಾಲಯದ ಇ-ಪುಸ್ತಕವನ್ನು ಅವಲಂಬಿಸುವವರು ಎರವಲು ಅವಧಿ ಸಾಮಾನ್ಯವಾಗಿ ಎರಡು ಮೂರು ವಾರಗಳೆಂಬುದನ್ನು ನೆನಪಿನಲ್ಲಿಡಬೇಕು.

ಇಲ್ಲಿಂದ ಹೊಸದಾಗಿ ತೆರಳಿ ಆಗಸ್ಟ್‌ನಲ್ಲಿ ದಾಖಲಾಗುವ ವಿದ್ಯಾರ್ಥಿಗೆ ಪಟ್ಟಿಯೇ ತಲುಪಿರುವುದಿಲ್ಲ. ಇಂತಹ ಸಂದರ್ಭದಲ್ಲಿ ದಾಖಲಾತಿಯ ದಿನವೇ ಶಾಲೆಯ ಕೌನ್ಸೆಲರ್ ಅವರನ್ನು ಕಂಡು, ಬೇಸಿಗೆ ಓದು ಇದೆಯೇ, ಇದ್ದಲ್ಲಿ ತಡವಾಗಿ ಸೇರಿದವರಿಗೆ ಎಷ್ಟು ಕಾಲಾವಕಾಶ, ಶಾಲೆಯಿಂದ ಪ್ರತಿ ದೊರೆಯುವುದೇ ಎಂಬ ಮೂರು ಅಂಶಗಳನ್ನು ಲಿಖಿತವಾಗಿ ಕೇಳಿ ಪಡೆಯುವುದು ಅವಶ್ಯ. ಇ-ಮೇಲ್ ಮೂಲಕ ಬಂದ ಉತ್ತರವೂ ಸಾಕಾಗುತ್ತದೆ.